ಕಾರ್ಪೆಟ್ಟಿನ ಕೆಳಗಿನ ಮೆಟ್ಟಿಲು

ನಮ್ಮೂರಲ್ಲಿ ಮೆಟ್ಟಿಲೆಂದರೆ ಕಲ್ಲು, ರೆಡ್ ಆಕ್ಸೈಡ್, ಈಚೆಗೆ ಗ್ರಾನೈಟ್. ಮಲೆನಾಡಿನ ಕಡೆಯಾದರೆ ಅಟ್ಟಕ್ಕೆ ಹತ್ತುವ ಮರದ ಮೆಟ್ಟಿಲು. ಯಾವುದೇ ಆದರೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಶುದ್ಧವಾಯಿತು. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಹಾಗಲ್ಲ. ಕೆಳಗಿನಿಂದ ಮೇಲಿನವರೆಗೆ, ಗೋಡೆಯಿಂದ ಕಟಕಟೆಯವರೆಗೆ ಕಾರ್ಪೆಟ್. ಹಿಂದಿದ್ದವರ ಬೂಟಿನ ಧೂಳು, ಚೆಲ್ಲಿದ ಚಹಾ, ಸಾಕಿದ ನಾಯಿಯ ವಾಸನೆ ಎಲ್ಲವನ್ನೂ ಅದು ಹೀರಿಕೊಂಡಿರುತ್ತದೆ. ರೆಡಿಂಗ್‌ನಲ್ಲಿ ನಾವು ಕೊಂಡ 1930ರ ದಶಕದ ಸೆಮಿ, ಅಂದರೆ ಒಂದು ಗೋಡೆ ಪಕ್ಕದ ಮನೆಗೆ ಅಂಟಿಕೊಂಡ ಮನೆಯಲ್ಲೂ ಅಂಥದೇ ಒಂದು ಇತ್ತು. ಮೆಟ್ಟಿಲ ಅಂಚುಗಳಲ್ಲಿ ನೂಲೆಲ್ಲ ಸವೆದು ತಳದ ಸೆಣಬು ಕಾಣುತ್ತಿತ್ತು. ಅಮ್ಮ ಆರು ತಿಂಗಳ ಮಟ್ಟಿಗೆ ಬರುವವರಿದ್ದರು. ಅಷ್ಟರೊಳಗೆ ಇದಕ್ಕೊಂದು ಗತಿ ಕಾಣಿಸಬೇಕು ಎಂದು ಕೆಲಸಕ್ಕೆ ಕೈಹಾಕಿದೆವು.

ಆಗ ಕಲಿತದ್ದನ್ನು, ಆಮೇಲೆ ಇಬ್ಬರು ಗೆಳೆಯರ ಮನೆಯಲ್ಲಿ ಜತೆಗೆ ಮಂಡಿಯೂರಿ ಮಾಡಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಮೊದಲಿಗೇ ಒಂದು ಮಾತು. ಮೆಟ್ಟಿಲು ಹೇಗೆ ಕಾಣಬೇಕು ಎಂದು ಯೋಚಿಸುವ ಮುಂಚೆ ಅದರ ಮೇಲೆ ಯಾರ ಕಾಲು ಓಡಾಡುತ್ತದೆ ಎಂದು ಯೋಚಿಸಿ. ನಾವು ಚಪ್ಪಲಿಯನ್ನು ಬಾಗಿಲಲ್ಲೇ ಬಿಡುವ ಜನ. ಇಲ್ಲಿನ ಚಳಿಗೆ ಬರಿಗಾಲು ಆಗದು, ಉಣ್ಣೆಯ ಕಾಲುಚೀಲ ಬೇಕು. ವಾರ್ನಿಷ್ ಬಳಿದ ಪೈನ್ ಮರದ ಮೇಲೆ ಉಣ್ಣೆಯ ಕಾಲುಚೀಲ ಜಾರುತ್ತದೆ. ಅದರ ಜತೆಗೆ ಸೀರೆಯ ನೆರಿಗೆ, ರಾತ್ರಿ ಬಚ್ಚಲಿಗೆಂದು ಎದ್ದವರ ನಿದ್ದೆಗಣ್ಣು. ಪತ್ರಿಕೆಗಳಲ್ಲಿ ಕಾಣುವ ಹೊಳೆಹೊಳೆಯುವ ಬೋಳು ಮರದ ಮೆಟ್ಟಿಲಿನ ಫೋಟೋಗಳಲ್ಲಿ ಇದು ಯಾವುದೂ ಇರುವುದಿಲ್ಲ.

ಒಂದು ಮೂಲೆ ಎತ್ತಿ ನೋಡಿ

ನಿರ್ಧಾರ ಮಾಡುವ ಮೊದಲು ಮೇಲಿನ ಮೆಟ್ಟಿಲಿನ ಒಂದು ಮೂಲೆಯಲ್ಲಿ ಕಾರ್ಪೆಟ್ಟನ್ನು ಇಕ್ಕಳದಿಂದ ಹಿಡಿದು ಎತ್ತಿ. ಒಳಗೆ ಏನಿದೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮೊದಲ ಮಹಾಯುದ್ಧಕ್ಕಿಂತ ಹಿಂದಿನ ಮನೆಯಾದರೆ ಸಾಮಾನ್ಯವಾಗಿ ಗಟ್ಟಿ ಪೈನ್ ಹಲಗೆ ಸಿಗುತ್ತದೆ. ನಡುವೆ ಬಣ್ಣವಿಲ್ಲದ ಬರಿ ಮರ, ಎರಡೂ ಬದಿಗೆ ಕಪ್ಪುಗಂದು ಬಣ್ಣ ಅಥವಾ ವಾರ್ನಿಷ್ ಪಟ್ಟಿ ಕಂಡರೆ ಗಾಬರಿಯಾಗಬೇಡಿ. ಆ ಕಾಲದವರು ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸುತ್ತಿರಲಿಲ್ಲ. ನಡುವೆ ಉದ್ದಕ್ಕೂ ಒಂದು ಕಂಬಳಿಪಟ್ಟಿ ಹಾಸಿ, ಪ್ರತಿ ಮೆಟ್ಟಿಲ ಮೂಲೆಯಲ್ಲಿ ಹಿತ್ತಾಳೆಯ ಸರಳಿನಿಂದ ಹಿಡಿಸುತ್ತಿದ್ದರು. ಕಾಣುವ ಬದಿಗಳಿಗೆ ಮಾತ್ರ ಬಣ್ಣ. ಇಡೀ ಮೆಟ್ಟಿಲು ಮುಚ್ಚುವ ಕಾರ್ಪೆಟ್ ಮನೆಮನೆಗೂ ಬಂದದ್ದು ಎರಡನೆಯ ಮಹಾಯುದ್ಧದ ನಂತರ.

1980ರ ಈಚಿನ ಮನೆಯಾದರೆ ಎಂಡಿಎಫ್, ಪ್ಲೈವುಡ್ ಅಥವಾ ಚಿಪ್‌ಬೋರ್ಡ್ ಇರುವ ಸಂಭವ ಹೆಚ್ಚು. ಅದನ್ನು ಕಟ್ಟಿದ್ದೇ ಕಾರ್ಪೆಟ್ ಹಾಸಲೆಂದು. ಎಷ್ಟು ಉಜ್ಜಿದರೂ ಅದರಲ್ಲಿ ಮರದ ಎಳೆ ಮೂಡುವುದಿಲ್ಲ. ಅಂಥದ್ದಕ್ಕೆ ಮೂರೇ ದಾರಿ: ಹೊಸ ಕಾರ್ಪೆಟ್, ಒಳ್ಳೆಯ ಬಣ್ಣ, ಇಲ್ಲವೇ ಮೇಲೊಂದು ಮರದ ಹೊದಿಕೆ.

ಹೊದಿಕೆಯ ವಿಷಯದಲ್ಲಿ ಅಂಗಡಿಯವರು ಹೇಳದೇ ಬಿಡುವ ಒಂದು ಲೆಕ್ಕವಿದೆ. ಎಲ್ಲ ಮೆಟ್ಟಿಲಿಗೂ 15 ಮಿಲಿಮೀಟರ್ ದಪ್ಪದ ಹಲಗೆ ಹೊದಿಸಿದಿರಿ ಎನ್ನೋಣ. ನಡುವಿನ ಮೆಟ್ಟಿಲುಗಳ ಏರು ಹಿಂದಿನಷ್ಟೇ ಉಳಿಯುತ್ತದೆ. ಆದರೆ ನೆಲದಿಂದ ಮೊದಲ ಮೆಟ್ಟಿಲಿಗೆ ಏರು 15 ಮಿಲಿಮೀಟರ್ ಹೆಚ್ಚಾಗುತ್ತದೆ, ಕೊನೆಯ ಮೆಟ್ಟಿಲಿನಿಂದ ಮಹಡಿಗೆ ಅಷ್ಟೇ ಕಡಿಮೆಯಾಗುತ್ತದೆ. ಕಾಲು ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಏರಿನ ಅಳತೆಯನ್ನು ಮೈಗೂಡಿಸಿಕೊಂಡುಬಿಡುತ್ತದೆ, ಆಮೇಲೆ ಕಣ್ಣನ್ನು ಕೇಳುವುದಿಲ್ಲ. ಹಾಗಾಗಿ ಒಂದೇ ಒಂದು ಮೆಟ್ಟಿಲು ಭಿನ್ನವಾಗಿದ್ದರೂ ಎಡವುತ್ತೇವೆ. ಹೊದಿಕೆ ಹಾಕುವುದಾದರೆ ಕೆಳಗಿನ ಹಾಲ್‌ನ ನೆಲ ಮತ್ತು ಮೇಲಿನ ಮೊಗಸಾಲೆಯ ನೆಲ ಎರಡನ್ನೂ ಅಷ್ಟೇ ಎತ್ತರಿಸುವ ಯೋಜನೆ ಇರಬೇಕು. ಇಂಗ್ಲೆಂಡಿನ ಕಟ್ಟಡ ನಿಯಮಗಳ ಕೆ ಭಾಗದ ಪ್ರಕಾರ ಮನೆಯೊಳಗಿನ ಹೊಸ ಮೆಟ್ಟಿಲಿನ ಏರು 220 ಮಿಲಿಮೀಟರ್ ಮೀರಬಾರದು, ಕಾಲಿಡುವ ಜಾಗ 220ಕ್ಕಿಂತ ಕಡಿಮೆ ಇರಬಾರದು, ಇಳಿಜಾರು 42 ಡಿಗ್ರಿ ದಾಟಬಾರದು, ಏರುಗಳೆಲ್ಲ ಸಮನಾಗಿರಬೇಕು. ಹಳೆಯ ಮೆಟ್ಟಿಲನ್ನು ಇದಕ್ಕೆ ತಕ್ಕಂತೆ ಬದಲಿಸಲೇಬೇಕೆಂದಿಲ್ಲ, ಆದರೆ ಇದ್ದದ್ದನ್ನು ಇನ್ನಷ್ಟು ಕೆಡಿಸಬಾರದು.

ಫ್ಲ್ಯಾಟಿನಲ್ಲಿ ಇರುವವರು ಲೀಸ್ ಪತ್ರ ಓದಿ. ಕೆಳಮನೆಯವರಿಗೆ ಸದ್ದಾಗದಿರಲಿ ಎಂದು ಕಾರ್ಪೆಟ್ ಇರಲೇಬೇಕೆಂಬ ಷರತ್ತು ಎಷ್ಟೋ ಲೀಸುಗಳಲ್ಲಿ ಇರುತ್ತದೆ. ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡವಾದರೆ ಮೆಟ್ಟಿಲನ್ನು ಮುಟ್ಟುವ ಮುಂಚೆ ಕೌನ್ಸಿಲ್ಲಿನಲ್ಲಿ ವಿಚಾರಿಸಿ.

ಕೀಳುವ ದಿನ

ಕಾರ್ಪೆಟ್ ಕೀಳುವುದು ಅರ್ಧ ದಿನದ ಕೆಲಸ. ಅದರ ಕೆಳಗಿನ ಮೊಳೆ ಕೀಳುವುದಕ್ಕೆ ಇನ್ನೂ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ.

ದಪ್ಪ ತಳದ ಬೂಟು, ಚರ್ಮದ ಕೈಗವಸು, ಮಂಡಿಗೆ ಮೆತ್ತೆ, ಮುಖಕ್ಕೆ ಎಫ್‌ಎಫ್‌ಪಿ3 ಮಾಸ್ಕ್ ಬೇಕೇ ಬೇಕು. ಕಾರ್ಪೆಟ್ಟಿನ ಅಡಿಯ ಮೆತ್ತೆಯಾದ ಹಳೆಯ ರಬ್ಬರ್ ಅಂಡರ್‌ಲೇ ವರ್ಷಗಳು ಕಳೆದಂತೆ ಪುಡಿಪುಡಿಯಾಗಿ ಮಣ್ಣಿನ ಹಾಗೆ ಉದುರುತ್ತದೆ. ಮೇಲಿನಿಂದ ಶುರುಮಾಡಿ, ಎರಡು ಮೂರು ಮೆಟ್ಟಿಲಿಗೊಮ್ಮೆ ಚೂಪಾದ ಚಾಕುವಿನಿಂದ ಅಡ್ಡಕ್ಕೆ ಕೊಯ್ದು, ಸುರುಳಿ ಸುತ್ತಿ ಟೇಪು ಹಾಕಿ ಕೆಳಗಿಳಿಸಿ. ಇಡೀ ಉದ್ದವನ್ನು ಒಂದೇ ಸಲ ಎಳೆಯಲು ಹೋದರೆ ಅದರ ಭಾರಕ್ಕೆ ನೀವೇ ಉರುಳಬಹುದು.

ಕೆಳಗೆ ಸಿಗುವುದು ಗ್ರಿಪ್ಪರ್, ಅಂದರೆ ಓರೆ ಮುಳ್ಳುಗಳನ್ನು ಬಡಿದ ತೆಳು ಮರದ ಪಟ್ಟಿ. ಪ್ರತಿ ಮೆಟ್ಟಿಲಿಗೂ ಎರಡು: ಹಲಗೆಯ ಹಿಂಭಾಗದಲ್ಲಿ ಒಂದು, ನಿಂತ ಹಲಗೆಯ ಬುಡದಲ್ಲಿ ಒಂದು. ಮುಳ್ಳುಗಳು ಮೂಲೆಯ ಕಡೆಗೆ ವಾಲಿರುತ್ತವೆ. ಮೀಟುಗೋಲಿನ ಕೆಳಗೆ ಒಂದು ತೆಳು ಹಲಗೆ ತುಂಡು ಇಟ್ಟು ಮೀಟಿದರೆ ಮೆಟ್ಟಿಲಿಗೆ ಗಾಯವಾಗುವುದಿಲ್ಲ. ಪಟ್ಟಿ ಸಿಡಿದು ಬರುವುದರಿಂದ ಕಣ್ಣಿಗೆ ಕನ್ನಡಕ ಇರಲಿ. ಆಮೇಲೆ ಅಂಡರ್‌ಲೇ ಹಿಡಿಸಿದ್ದ ಸ್ಟೇಪಲ್ ಪಿನ್ನುಗಳು. ನಮ್ಮ 13 ಏರುಗಳಲ್ಲಿ ಅವುಗಳಿಂದಲೇ ಒಂದು ಜಾಮ್ ಬಾಟಲಿ ತುಂಬಿತು. ಬೆರಳಿನಿಂದ ಸವರಿ ಹುಡುಕಬೇಡಿ. ಹಳೆಯ ನೈಲಾನ್ ಕಾಲುಚೀಲವೊಂದನ್ನು ಕೈಗವಸಿನ ಮೇಲೆ ಹಾಕಿಕೊಂಡು ಸವರಿದರೆ ಉಳಿದ ಪ್ರತಿ ಪಿನ್ನಿಗೂ ಅದು ಸಿಕ್ಕಿಕೊಂಡು ತೋರಿಸುತ್ತದೆ.

ಅದೇ ದಿನ ಮರ ಉಜ್ಜುವ ಸ್ಯಾಂಡರ್ ಹಿಡಿಯುವ ಉತ್ಸಾಹ ಬರುತ್ತದೆ. ದಯವಿಟ್ಟು ತಡೆದುಕೊಳ್ಳಿ. ಅದಕ್ಕೆ ಎರಡು ಗಂಭೀರ ಕಾರಣಗಳಿವೆ.

ಮೊದಲನೆಯದು ಸೀಸ. 1960ರ ದಶಕದವರೆಗೆ ಬ್ರಿಟನ್ನಿನ ಮನೆಬಣ್ಣಗಳಲ್ಲಿ ಸೀಸ ಧಾರಾಳವಾಗಿತ್ತು. ಸಾರ್ವಜನಿಕರಿಗೆ ಸೀಸದ ಬಣ್ಣ ಮಾರುವುದು ಪೂರ್ತಿ ನಿಂತದ್ದು 1992ರಲ್ಲಿ. ಮೆಟ್ಟಿಲ ಬದಿ, ಕಟಕಟೆಯ ಕಂಬಿಗಳ ಮೇಲೆ ಐದಾರು ಪದರ ಬಣ್ಣವಿದ್ದರೆ ಕೆಳಗಿನ ಪದರದಲ್ಲಿ ಸೀಸ ಇದೆ ಎಂದೇ ಭಾವಿಸಿ. ಅದನ್ನು ಒಣಗಿದ್ದಂತೆ ಉಜ್ಜಿದರೆ ಧೂಳು ಮನೆಯೆಲ್ಲ ಹರಡುತ್ತದೆ. ನೆಲದಲ್ಲಿ ಅಂಬೆಗಾಲಿಡುವ ಮಗು ಕೈ ಬಾಯಿಗಿಟ್ಟುಕೊಂಡಾಗ ಅದು ಹೊಟ್ಟೆಗೆ ಹೋಗುತ್ತದೆ. ಬೆಳೆಯುವ ಮಿದುಳಿಗೆ ಸೀಸ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಬಣ್ಣದಂಗಡಿಗಳಲ್ಲಿ ಪರೀಕ್ಷಾ ಕಿಟ್ ಸಿಗುತ್ತದೆ, ಹಾಕಿ ನೋಡಿ. ಸೀಸ ಇದ್ದು ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ಕೆದಕದೆ ಮೇಲೆ ಹೊಸ ಬಣ್ಣ ಬಳಿಯುವುದೇ ಒಳ್ಳೆಯದು. ತೆಗೆಯಲೇಬೇಕಾದರೆ ನೀರು ಚಿಮುಕಿಸಿ ಒದ್ದೆ ಉಜ್ಜುವಿಕೆ, ಅಥವಾ ಬಣ್ಣದ ಮೇಲೆ ಮೆತ್ತಿ ಬಿಡುವ ಲೇಪದಂಥ ಸ್ಟ್ರಿಪ್ಪರ್. ಬ್ಲೋಲ್ಯಾಂಪ್ ಖಂಡಿತ ಬೇಡ, ಅದರ ಉರಿಗೆ ಸೀಸದ ಹೊಗೆ ಏಳುತ್ತದೆ. ಆ ದಿನಗಳಲ್ಲಿ ಮಕ್ಕಳನ್ನು, ಗರ್ಭಿಣಿಯರನ್ನು ಬೇರೆ ಕಡೆ ಇರಿಸಿ.

ಎರಡನೆಯದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಬ್ರಿಟನ್ನಿನಲ್ಲಿ ಅದರ ಬಳಕೆ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಕಾರ್ಪೆಟ್ಟಿನ ಕೆಳಗೆ ಹಳೆಯ ಗಟ್ಟಿ ಟೈಲು, ಡಾಂಬರಿನಂಥ ಕಪ್ಪು ಅಂಟು ಕಂಡರೆ, ಅಥವಾ ಮೆಟ್ಟಿಲ ಕೆಳಗಿನ ಕಪಾಟಿನ ಒಳಚಾವಣಿಗೆ ಬೂದುಬಣ್ಣದ ಬೋರ್ಡು ಬಡಿದಿದ್ದರೆ ಒಡೆಯಬೇಡಿ, ಕೊರೆಯಬೇಡಿ, ಉಜ್ಜಬೇಡಿ. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಉತ್ತರ ಬರುವವರೆಗೆ ಕೆಲಸ ನಿಲ್ಲಿಸಿ. ನಮ್ಮಲ್ಲಿ ಇದಕ್ಕೆಂದು ಎರಡು ವಾರ ಹೋಯಿತು. ಹೋಗಲಿ ಬಿಡಿ ಅನ್ನಿಸಿತು.

ಸದ್ದು ಎಲ್ಲಿಂದ ಬರುತ್ತದೆ

ಮೆಟ್ಟಿಲು ಬರಿದಾಗಿ ನಿಂತಿರುವ ಈ ಕೆಲವು ದಿನಗಳೇ ಕಿರುಗುಟ್ಟುವಿಕೆಯನ್ನು ಸರಿಮಾಡುವ ಹೊತ್ತು. ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಇಷ್ಟವಾದ ಭಾಗವೂ ಇದೇ.

ಕಾಲಿಡುವ ಹಲಗೆಗೆ ಟ್ರೆಡ್, ಎದುರಿಗೆ ನಿಂತ ಹಲಗೆಗೆ ರೈಸರ್, ಟ್ರೆಡ್ ಮುಂದಕ್ಕೆ ಚಾಚಿದ ಅಂಚಿಗೆ ನೋಸಿಂಗ್, ಎರಡೂ ಬದಿಯಲ್ಲಿ ಓರೆಯಾಗಿ ಏರುವ ದಪ್ಪ ಹಲಗೆಗೆ ಸ್ಟ್ರಿಂಗರ್ ಎನ್ನುತ್ತಾರೆ. ಸ್ಟ್ರಿಂಗರಿನ ಒಳಮೈಯಲ್ಲಿ ತೋಡು ಕೊರೆದು, ಟ್ರೆಡ್ ಮತ್ತು ರೈಸರ್ ತುದಿಗಳನ್ನು ಅದರಲ್ಲಿ ಕೂರಿಸಿ, ಕೆಳಗಿನಿಂದ ಅಂಟು ಹಚ್ಚಿದ ಬೆಣೆ ಬಡಿದಿರುತ್ತಾರೆ. ಟ್ರೆಡ್ಡೂ ರೈಸರೂ ಸೇರುವ ಮೂಲೆಗೆ ಒಳಗಡೆಯಿಂದ ತ್ರಿಕೋನದ ಮರದ ತುಂಡುಗಳ ಆಸರೆ. ನಮ್ಮ ಹಳೇಮನೆಗಳ ಬಾಗಿಲುವಾಡ ನೋಡಿದವರಿಗೆ ಬೆಣೆಯ ಬಲ ಗೊತ್ತು. ಚಳಿಗಾಲದುದ್ದಕ್ಕೂ ಹೀಟರು ಉರಿದು ಮರ ಒಣಗಿ ಕುಗ್ಗುತ್ತದೆ, ಹಳೆಯ ಅಂಟು ಬಿರಿಯುತ್ತದೆ, ಬೆಣೆ ಸಡಿಲುತ್ತದೆ. ಆಮೇಲೆ ಕಾಲಿಟ್ಟಾಗಲೆಲ್ಲ ಮರ ಮರಕ್ಕೆ ಉಜ್ಜಿ ಕಿರ್ರ್ ಎನ್ನುತ್ತದೆ.

ಒಬ್ಬರು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಟಾರ್ಚು ಹಿಡಿದು ಕೂರಲಿ, ಇನ್ನೊಬ್ಬರು ನಿಧಾನವಾಗಿ ಹತ್ತಿ ಇಳಿಯಲಿ. ಅಲ್ಲಾಡುವ ಬೆಣೆ ಕಣ್ಣಿಗೇ ಕಾಣುತ್ತದೆ. ಅದನ್ನು ಹೊರತೆಗೆದು, ಹಳೆಯ ಅಂಟು ಕೆರೆದು, ಮರದ ಅಂಟು ಹಚ್ಚಿ, ಸುತ್ತಿಗೆಯಲ್ಲಿ ಹದವಾಗಿ ಬಡಿದು ಕೂರಿಸಿ. ತುಂಡಾಗಿದ್ದರೆ ಹೊಸ ಬೆಣೆ ಕೆತ್ತಿಕೊಳ್ಳಿ. ಬಿದ್ದುಹೋದ ತ್ರಿಕೋನದ ತುಂಡುಗಳ ಜಾಗಕ್ಕೆ ಹೊಸದನ್ನು ಅಂಟಿಸಿ ಸ್ಕ್ರೂ ಹಾಕಿ. ಒಂದು ರಾತ್ರಿ ಆ ಮೆಟ್ಟಿಲನ್ನು ತುಳಿಯಬೇಡಿ. ಕೆಳಗಡೆ ಪ್ಲಾಸ್ಟರು ಮುಚ್ಚಿದ್ದರೆ ಮೇಲಿನಿಂದಲೇ ಮಾಡಬೇಕು: ನೋಸಿಂಗಿನ ಹಿಂದೆ, ಕೆಳಗಿನ ರೈಸರಿನ ದಪ್ಪದ ನಡುವಿಗೆ ಸರಿಯಾಗಿ ಮೊದಲು ಸಣ್ಣ ತೂತು ಕೊರೆದು, 50 ಮಿಲಿಮೀಟರಿನ ಸ್ಕ್ರೂ ಬಿಗಿದು, ತಲೆಯನ್ನು ಒಳಗಿಳಿಸಿ, ಮೇಲೆ ಲಪ್ಪ ತುಂಬಿ. ಮಹಡಿಯ ಮೊಗಸಾಲೆಯ ಹಲಗೆಗೆ ಕೊರೆಯುವುದಾದರೆ ಮಾತ್ರ ಡಿಟೆಕ್ಟರ್ ಹಿಡಿದು ನೋಡಿ. ಹೀಟರಿನ ಪೈಪು, ಕರೆಂಟಿನ ತಂತಿ ಅಲ್ಲಿಯೇ ಹಾಯುತ್ತವೆ.

ಇದೇ ಹೊತ್ತಿಗೆ ಒಂದೆರಡು ಮಿಲಿಮೀಟರಿನ ದುಂಡು ತೂತುಗಳಿವೆಯೇ ಎಂದು ನೋಡಿ. ಅವು ಮರಕೊರಕ ಹುಳುವಿನವು. ತೂತಿದ್ದ ಮಾತ್ರಕ್ಕೆ ಹುಳು ಇದೆ ಎಂದಲ್ಲ. ಕೆಳಗೆ ಬಿಳಿ ಕಾಗದ ಹರಡಿ ಕೆಲವು ವಾರ ಬಿಟ್ಟು ನೋಡಿದಾಗ ಹೊಸ ಪುಡಿ ಉದುರಿದ್ದರೆ ಮಾತ್ರ ಔಷಧಿ ಹೊಡೆಸಬೇಕು.

ಕಟಕಟೆಯ ಜಾಗದಲ್ಲಿ ಚಪ್ಪಟೆ ಹಾರ್ಡ್‌ಬೋರ್ಡ್ ಇದೆಯೇ? ಒಳಗೆ ಕಡೆದ ಕಂಬಿಗಳು ಹಾಗೇ ಇರಬಹುದು. 1960ರ ಆಸುಪಾಸಿನಲ್ಲಿ ಬಿಬಿಸಿ ಟೆಲಿವಿಷನ್ನಿನಲ್ಲಿ ಬ್ಯಾರಿ ಬಕ್ನೆಲ್ ಎಂಬವರು ಮನೆಗೆಲಸವನ್ನು ಸ್ವತಃ ಮಾಡಿಕೊಳ್ಳುವುದನ್ನು ಕಲಿಸುತ್ತಿದ್ದರು. ಧೂಳು ಕೂರುವ ಹಳೆಯ ಕೆತ್ತನೆಗಳನ್ನು ಹಾರ್ಡ್‌ಬೋರ್ಡಿನಿಂದ ಮುಚ್ಚಿ ಮನೆಯನ್ನು ನವೀನಗೊಳಿಸುವ ರೂಢಿ ಆಗ ಊರೆಲ್ಲ ಹಬ್ಬಿತ್ತು. ಮುಚ್ಚಿದರೇ ಹೊರತು ಕಿತ್ತೆಸೆಯಲಿಲ್ಲವಲ್ಲ, ಅದಕ್ಕೆ ನಾವು ಕೃತಜ್ಞರಾಗಿರಬೇಕು. ಸಣ್ಣ ಮೊಳೆಗಳನ್ನು ಮೀಟಿದರೆ ಬೋರ್ಡು ಕಳಚಿಬರುತ್ತದೆ. ಕಂಬಿಗಳ ನಡುವಿನ ಸಂದು 10 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದನ್ನು ತುಂಬಿಸಲೇಬೇಕು.

ಉಜ್ಜುವುದು, ಬಳಿಯುವುದು

ಸೀಸವಿಲ್ಲವೆಂದು ಖಚಿತವಾದ ಮೇಲೆ 60ರ ಉಪ್ಪುಕಾಗದ, ಆಮೇಲೆ 80, ಕೊನೆಗೆ 120. ಮರದ ಎಳೆಯ ಉದ್ದಕ್ಕೇ ಉಜ್ಜಿ. ಮೂಲೆಗಳಿಗೆ ತ್ರಿಕೋನದ ಸಣ್ಣ ಸ್ಯಾಂಡರ್, ಅದೂ ಹೋಗದಲ್ಲಿ ಕೈಯ ಕೆರೆಯುಳಿ. ಕಂಬಿಗಳನ್ನು ಬರಿ ಮರಕ್ಕೆ ಇಳಿಸುವ ಹಟ ಬೇಡ ಎಂಬುದು ನನ್ನ ಅಭಿಪ್ರಾಯ. ಒಂದೊಂದು ಕಂಬಿಗೂ ಗಂಟೆಗಟ್ಟಲೆ ಹಿಡಿಯುತ್ತದೆ. ತೊಳೆದು, ಲಘುವಾಗಿ ಉಜ್ಜಿ ಬಣ್ಣ ಬಳಿದರೆ ಅಂದವಾಗಿಯೇ ಕಾಣುತ್ತವೆ. ಕೈಯ ಜಿಡ್ಡಿನಿಂದ ಕಪ್ಪಾದ ಹಳೆಯ ಹ್ಯಾಂಡ್‌ರೇಲನ್ನು ಮಾತ್ರ ತೊಳೆದು ಮೇಣ ಹಚ್ಚಿ ಹಾಗೆಯೇ ಬಿಡಿ. ಅಷ್ಟು ವರ್ಷಗಳ ಕೈಗಳು ಕೊಟ್ಟ ಹೊಳಪನ್ನು ಯಾವ ವಾರ್ನಿಷೂ ಕೊಡಲಾರದು.

ಪೈನ್ ಮರದಲ್ಲಿ ಗಂಟುಗಳು ಹೆಚ್ಚು. ಆ ಗಂಟಿನೊಳಗಿನ ರಾಳ ಬಿಳಿ ಬಣ್ಣದ ಮೂಲಕವೂ ಹಳದಿಯಾಗಿ ಒಸರುತ್ತದೆ. ಅದನ್ನು ತಡೆಯಲು ಇಲ್ಲಿನ ಬಡಗಿಗಳು ನಾಟಿಂಗ್ ಎಂಬ ದ್ರಾವಣ ಹಚ್ಚುತ್ತಾರೆ. ಡಬ್ಬಿಯ ಮೇಲಿನ ಬರಹ ಓದಿದಾಗ ನನಗೆ ಊರು ನೆನಪಾಯಿತು. ಅದು ಷೆಲ್ಯಾಕ್, ಅಂದರೆ ನಮ್ಮ ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣದ ಹೊಳಪು ಕೊಡುವ ಅದೇ ಅರಗಿನ ಬಂಧು. ಅರಗು ಹೆಚ್ಚಾಗಿ ಬರುವುದೂ ಭಾರತದಿಂದಲೇ. ಸ್ಪಿರಿಟ್ಟಿನಲ್ಲಿ ಕರಗಿಸಿರುತ್ತಾರೆ. ಅರಗಿನ ಮನೆಯ ಕತೆ ಕೇಳಿ ಬೆಳೆದ ನಮಗೆ ಬೆಂಕಿಯಿಂದ ದೂರವಿಡಿ ಎಂದು ಬೇರೆ ಹೇಳಬೇಕಿಲ್ಲ. ಕಿಟಕಿ ತೆರೆದಿಟ್ಟು, ಪ್ರತಿ ಗಂಟಿಗೂ ಎರಡು ತೆಳು ಕೈ ಹಚ್ಚಿ.

ಬೆಂಕಿಯ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ಡೇನಿಷ್ ಆಯಿಲ್, ಅಗಸೆ ಎಣ್ಣೆ ಬಳಸಿ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಬುಟ್ಟಿಗೆ ಹಾಕಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಬಿಸಿ ಮುದ್ದೆಯೊಳಗೇ ಕೂಡಿಕೊಂಡು ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಬಣ್ಣ ಬಳಿಯುವಾಗ ಒಂದು ಬಿಟ್ಟು ಒಂದು ಮೆಟ್ಟಿಲಿಗೆ ಟೇಪಿನಿಂದ ಗುರುತುಮಾಡಿ, ಇವತ್ತು ಬೆಸ, ಒಣಗಿದ ಮೇಲೆ ಸಮ. ಮಲಗುವ ಕೋಣೆ, ಬಚ್ಚಲು ಎರಡೂ ಮೇಲಿರುವ ಮನೆಯಲ್ಲಿ ಮೆಟ್ಟಿಲನ್ನು ಪೂರ್ತಿ ಬಂದ್ ಮಾಡಲು ಆಗುವುದಿಲ್ಲ. ದೊಡ್ಡವರು ಹ್ಯಾಂಡ್‌ರೇಲ್ ಹಿಡಿದು ಒಂದೊಂದು ಬಿಟ್ಟು ಹತ್ತಬಹುದು. ವಯಸ್ಸಾದವರು, ಮಕ್ಕಳು ಮನೆಯಲ್ಲಿ ಇರುವಾಗ ಇದನ್ನು ಮಾಡಬೇಡಿ. ಟ್ರೆಡ್ಡಿಗೆ ನೆಲಕ್ಕೆಂದೇ ಮಾಡಿದ ಬಣ್ಣ ಅಥವಾ ವಾರ್ನಿಷ್ ಬಳಸಿ, ಗೋಡೆಯ ಬಣ್ಣ ಬೇಡ. ಮುಟ್ಟಿದರೆ ಒಣಗಿದಂತಿದ್ದರೂ ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು. ಅಲ್ಲಿಯವರೆಗೆ ಭಾರ ಎಳೆಯಬೇಡಿ.

ನಡುವೆ ಒಂದು ಪಟ್ಟಿ

ಬದಿಗಳಿಗೆ ಬಣ್ಣ ಅಥವಾ ಮರ, ನಡುವೆ ರನ್ನರ್ ಎಂಬ ಕಂಬಳಿಪಟ್ಟಿ: ಕೊನೆಗೆ ನಾವು ಬಂದು ನಿಂತದ್ದು ಹಿಂದಿನವರ ಪದ್ಧತಿಗೇ. ಮರದ ಅಂದವೂ ಉಳಿಯುತ್ತದೆ, ಕಾಲುಚೀಲದ ಕಾಲಿಗೆ ಹಿಡಿತವೂ ಸಿಗುತ್ತದೆ, ಇಳಿಯುವ ಸದ್ದೂ ಮೆತ್ತಗಾಗುತ್ತದೆ. ಬೋಳು ಮರದ ಮೆಟ್ಟಿಲಿನ ಸದ್ದು ಪಕ್ಕದ ಮನೆಯ ಗೋಡೆಯನ್ನೂ ದಾಟುತ್ತದೆ ಎನ್ನುವುದು ಗೊತ್ತಾಗುವುದು ಕಾರ್ಪೆಟ್ ತೆಗೆದ ಮೇಲೆಯೇ.

ಅಳತೆಗೆ ಒಂದು ಏರು, ಒಂದು ಟ್ರೆಡ್ ಕೂಡಿಸಿ, ನೋಸಿಂಗ್ ಸುತ್ತಲು 2 ಸೆಂಟಿಮೀಟರ್ ಸೇರಿಸಿ. 20 ಮತ್ತು 23 ಆದರೆ ಒಟ್ಟು 45. ಅದನ್ನು 13ರಿಂದ ಗುಣಿಸಿದರೆ 5.85 ಮೀಟರ್. ಅದರ ಮೇಲೆ ಅರ್ಧ ಮೀಟರ್ ಹೆಚ್ಚು ಕೊಳ್ಳಿ, ಕಾರಣ ಕೊನೆಗೆ ಹೇಳುತ್ತೇನೆ. ತಿರುವಿನಲ್ಲಿ ಬೀಸಣಿಗೆಯಂತೆ ಅಗಲವಾಗುವ ಮೆಟ್ಟಿಲುಗಳಿದ್ದರೆ ಅವನ್ನು ಬೇರೆಯಾಗಿ, ಅಗಲ ಹೆಚ್ಚಿರುವ ಕಡೆ ಅಳೆಯಬೇಕು. ಅಂಥ ತಿರುವಿಗೆ ಹಾಸುವುದನ್ನು ಕಸುಬುದಾರರಿಗೇ ಬಿಡಿ.

ಉಣ್ಣೆ 80, ನೈಲಾನ್ 20 ಪಾಲಿನ ನೂಲು ಬಾಳಿಕೆ ಬರುತ್ತದೆ. ಬೆಕ್ಕಿರುವ ಮನೆಗೆ ಕುಣಿಕೆ ನೇಯ್ಗೆಯದು ಬೇಡ, ಉಗುರು ಸಿಕ್ಕಿಕೊಂಡು ಎಳೆ ಕಿತ್ತುಬರುತ್ತದೆ. ಅಂಡರ್‌ಲೇ ತೆಳುವಾಗಿ ಬಿಗಿಯಾಗಿರಲಿ. ದಪ್ಪ ಮೆತ್ತೆ ಹಾಕಿದರೆ ನೋಸಿಂಗಿನ ಅಂಚು ಉರುಟಾಗಿ ಕಾಲು ಜಾರುತ್ತದೆ. ನೂಲಿನ ಜುಂಗು ಕೆಳಮುಖವಾಗಿರುವಂತೆ ಹಾಸಬೇಕು. ಅಂಗೈಯಿಂದ ಮೇಲಿನಿಂದ ಕೆಳಕ್ಕೆ ಸವರಿದಾಗ ನುಣುಪಾಗಿದ್ದರೆ ದಿಕ್ಕು ಸರಿಯಿದೆ.

ವಿನ್ಯಾಸ ಆರಿಸುವಾಗ ಅಮ್ಮನ ಕಣ್ಣು ನೆನಪಿಗೆ ಬಂತು. ಪೊರೆ ತೆಗೆಸಿದ ಮೇಲೂ ಮಬ್ಬು ಬೆಳಕಿನಲ್ಲಿ ಅವರಿಗೆ ಅಂಚು ಗೊತ್ತಾಗುವುದು ಕಷ್ಟ. ದಟ್ಟ ಹೂಬಳ್ಳಿಯ ರನ್ನರಿನಲ್ಲಿ ಒಂದು ಮೆಟ್ಟಿಲು ಇನ್ನೊಂದರಲ್ಲಿ ಕರಗಿಹೋಗುತ್ತದೆ. ಉದ್ದ ಗೆರೆಯದಾದರೂ ಅಷ್ಟೇ. ನಾವು ಒಂದೇ ಬಣ್ಣದ್ದನ್ನು ತೆಗೆದುಕೊಂಡೆವು. ಬದಿಯಲ್ಲಿ ಕಾಣುವ ಮರದ ನೋಸಿಂಗಿಗೆ ಎರಡು ಬೆರಳಗಲ ಗಾಢ ಬಣ್ಣ ಬಳಿದೆವು. ಮೇಲೆ ಕೆಳಗೆ ಎರಡೂ ಕಡೆಯಿಂದ ಹಾಕಿ ಆರಿಸಬಹುದಾದ ಸ್ವಿಚ್ಚು, ರಾತ್ರಿಯಿಡೀ ಉರಿಯುವ ಒಂದು ಸಣ್ಣ ದೀಪ, ಗೋಡೆಯ ಕಡೆಗೂ ಇನ್ನೊಂದು ಹ್ಯಾಂಡ್‌ರೇಲ್. ಹ್ಯಾಂಡ್‌ರೇಲಿನ ಎತ್ತರ ನೋಸಿಂಗಿನಿಂದ 90ರಿಂದ 100 ಸೆಂಟಿಮೀಟರಿನೊಳಗೆ ಇರಬೇಕು. ಅದು ಕೊನೆಯ ಮೆಟ್ಟಿಲು ದಾಟಿ ಇನ್ನೊಂದು ಗೇಣು ಮುಂದುವರಿದರೆ ಒಳ್ಳೆಯದು. ಇಳಿಯುವಾಗ ಕೈಗೆ ಆಸರೆ ಬೇಕಾಗುವುದೇ ಆ ಕೊನೆಯ ಹೆಜ್ಜೆಯಲ್ಲಿ.

ಈಗ ಆ ಹೆಚ್ಚುವರಿ ಅರ್ಧ ಮೀಟರಿನ ಕಾರಣ. ಹಿತ್ತಾಳೆ ಸರಳಿನ ಕಾಲದಲ್ಲಿ ಮನೆಯವರು ರನ್ನರನ್ನು ಅಳತೆಗಿಂತ ಉದ್ದ ಕೊಂಡು, ಹೆಚ್ಚಿನದನ್ನು ತುದಿಯಲ್ಲಿ ಮಡಚಿಡುತ್ತಿದ್ದರು. ಆಗಾಗ ಸರಳು ಬಿಚ್ಚಿ ಇಡೀ ಪಟ್ಟಿಯನ್ನು ಒಂದೆರಡು ಇಂಚು ಸರಿಸುತ್ತಿದ್ದರು. ಹಾಗೆ ಮಾಡಿದರೆ ಸವೆತ ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ. ನಮ್ಮ ಪಟ್ಟಿಯ ಹೆಚ್ಚಿನ ಭಾಗವನ್ನು ಕೆಳಗಿನ ಮೊದಲ ರೈಸರಿನಲ್ಲಿ ಒಳಮಡಚಿ ಕೂರಿಸಿದ್ದೇವೆ. ಮೆಟ್ಟಿಲ ಕೆಳಗಿನ ಕಪಾಟಿನ ಬಾಗಿಲ ಒಳಬದಿಯಲ್ಲಿ ಹಾಸಿದ ತಾರೀಖು, ಬಣ್ಣದ ನಂಬರು, ಮುಂದೆ ಸರಿಸಬೇಕಾದ ವರ್ಷ ಮೂರನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.